ಗಿಳಿಪಾಠವೆಂಬ ಅಪವಾದ

ಪಾಠಶಾಲೆಗಳಲ್ಲಿ ನಡೆಯುವ ಅನ್ಯಾಯಗಳಲ್ಲಿ ಬೆತ್ತದ ಸದ್ದುಳ್ಳವು ಬೇಗ ಬಯಲಿಗೆ ಬೀಳುವುವು. ಸದ್ದಿಲ್ಲದವು ಬಹುಕಾಲ ಉಳಿಯುವುವು. ಅಂಥ ಸದ್ದಿಲ್ಲದ ಅನ್ಯಾಯವೊಂದು ಇಂದಿಗೂ ಊರೂರಿನ ತರಗತಿಗಳಲ್ಲಿ ನಡೆಯುತ್ತಿದೆ. ಉಪಾಧ್ಯಾಯರು ಹೊಸದಾಗಿ ಸೇರಿದ ಹುಡುಗನೊಬ್ಬನನ್ನು "ನಿನ್ನ ಹೆಸರೇನು?" ಎಂದು ಕೇಳುವರು. ಹುಡುಗನು "ನಿನ್ನ ಹೆಸರೇನು?" ಎನ್ನುವನು. ಸ್ವರವನ್ನೇರಿಸಿ ಮತ್ತೊಮ್ಮೆ ಕೇಳಿದರೆ, ಏರಿದ ಸ್ವರವನ್ನೂ ಸೇರಿಸಿಯೇ ಮತ್ತೊಮ್ಮೆ ಒಪ್ಪಿಸುವನು. ತರಗತಿಯು ಗೊಳ್ಳೆಂದು ನಗುವುದು. ಇಂಥವನೇ ಗಣಿತಪಾಠದ ನಡುವೆ, ಯಾರೂ ಏನನ್ನೂ ಕೇಳದಿರುವಾಗ, ರೈಲುನಿಲ್ದಾಣದ ಪ್ರಕಟಣೆಯನ್ನೋ ಸಾಬೂನಿನ ಜಾಹೀರಾತನ್ನೋ ಅಕ್ಷರಲೋಪವಿಲ್ಲದೆ ಹೇಳತೊಡಗುವನು. ಆಗ ಮೂರು ತೀರ್ಪುಗಳಲ್ಲೊಂದು ಹೊರಬೀಳುವುದು: ಹುಡುಗನು ಅಣಕಿಸುತ್ತಾನೆ, ಅಥವಾ ಮೊಂಡನು, ಅಥವಾ ಅವನದು ಬರಿಯ ಗಿಳಿಪಾಠ, ಒಳಗೆ ಬುದ್ಧಿಯಿಲ್ಲ. ಮೂರೂ ಸುಳ್ಳು. ಮೂರನೆಯದು ಮಿಕ್ಕೆರಡಕ್ಕಿಂತ ಕೆಟ್ಟ ಸುಳ್ಳು, ಏಕೆಂದರೆ ಅದು ದಯೆಯ ವೇಷವನ್ನು ಹಾಕಿಕೊಂಡು ಬರುತ್ತದೆ.

ವೈದ್ಯರು ಆಟಿಸಂ ಎಂದು ಕರೆಯುವ, ಕನ್ನಡದಲ್ಲಿ ಈಚೆಗೆ ಸ್ವಲೀನತೆಯೆಂದು ಹೆಸರಾಗಿರುವ ಸ್ಥಿತಿಯುಳ್ಳ ಮಕ್ಕಳ ಪೈಕಿ, ಮಾತು ಬಂದವರಲ್ಲಿ ಅನೇಕರು ಹೀಗೆ ಕೇಳಿದ ಮಾತನ್ನು ಮರುನುಡಿಯುವರು. ಇದಕ್ಕೆ ಎಕೋಲೇಲಿಯಾ ಎಂದು ಶಾಸ್ತ್ರೀಯ ನಾಮಧೇಯ. ಪ್ರತಿಧ್ವನಿ, ಮಾತು ಎಂಬ ಅರ್ಥವುಳ್ಳ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಮಾಡಿದ ಪದವಿದು. ಕೇಳಿದೊಡನೆ ನುಡಿಯುವುದು ಒಂದು ಬಗೆ. ಗಂಟೆಗಳೋ ದಿನಗಳೋ ವರ್ಷಗಳೋ ಕಳೆದ ಮೇಲೆ ನುಡಿಯುವುದು ಇನ್ನೊಂದು ಬಗೆ. ಮೂರು ವರ್ಷ ತುಂಬುವ ತನಕ ಎಲ್ಲ ಕೂಸುಗಳೂ ಇದನ್ನು ಅಷ್ಟಿಷ್ಟು ಮಾಡುವುವೆಂಬುದನ್ನು ಯಾವ ತಾಯಿಯಾದರೂ ಬಲ್ಲಳು. ಹುಟ್ಟುಗುರುಡರಾದ ಮಕ್ಕಳಲ್ಲಿಯೂ ಇದು ಕಾಣುವುದುಂಟು. ಆದುದರಿಂದ ಇದೊಂದನ್ನೇ ಕಂಡು ರೋಗನಿರ್ಣಯ ಮಾಡಹೊರಡುವುದೂ ತಪ್ಪು. ಅದು ಬಲ್ಲವರ ಕೆಲಸ.

ಹೆಸರಿನಲ್ಲಿಯೇ ಅಪವಾದದ ಬೀಜವಿದೆ. ಪ್ರತಿಧ್ವನಿಯೆಂಬುದು ಬೆಟ್ಟದ ಗುಣ. ಬೆಟ್ಟಕ್ಕೆ ಆಯ್ಕೆಯಿಲ್ಲ, ಕೂಗಿದ್ದನ್ನೆಲ್ಲ ಹಿಂತಿರುಗಿಸುವುದು. ಈ ಮಕ್ಕಳಾದರೋ ದಿನವೊಂದಕ್ಕೆ ಕಿವಿಗೆ ಬೀಳುವ ಸಾವಿರಾರು ವಾಕ್ಯಗಳಲ್ಲಿ ಯಾವುದೋ ಒಂದನ್ನು ಆರಿಸಿಟ್ಟುಕೊಂಡು, ತಿಂಗಳುಗಳ ಮೇಲೆ ಒಂದು ಗೊತ್ತಾದ ಸಮಯದಲ್ಲಿ ಹೊರತೆಗೆಯುವರು. ಆರಿಸುವ ಬೆಟ್ಟವನ್ನು ಯಾರು ಕಂಡಿದ್ದಾರೆ?

೧೯೪೩ರಲ್ಲಿ ಅಮೆರಿಕಾ ದೇಶದ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ವೈದ್ಯರು ೧೧ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ, ಈ ಸ್ಥಿತಿಗೆ ವೈದ್ಯಗ್ರಂಥಗಳಲ್ಲಿ ಪ್ರತ್ಯೇಕ ಸ್ಥಾನವನ್ನು ಕಲ್ಪಿಸಿದರು. ಆ ಮಕ್ಕಳಲ್ಲೊಬ್ಬನಿಗೆ ಅವನ ತಂದೆಯು "ಹೌದು" ಎಂಬ ಮಾತನ್ನು ಕಲಿಸಬೇಕೆಂದು, ಹಾಗೆಂದರೆ ಹೆಗಲ ಮೇಲೆ ಕೂರಿಸಿಕೊಳ್ಳುವೆನೆಂದು ಆಸೆ ತೋರಿಸಿದನು. ಹುಡುಗನು ಕಲಿತನು. ಆದರೆ ಅಂದಿನಿಂದ ಅವನಿಗೆ "ಹೌದು" ಎಂದರೆ ಹೆಗಲ ಮೇಲೆ ಕೂರಿಸು ಎಂದೇ ಅರ್ಥವಾಯಿತು. ಬೇರೆ ಎಡೆಗಳಲ್ಲಿ ಒಪ್ಪಿಗೆಯನ್ನು ಸೂಚಿಸಲು ಅವನು ಪ್ರಶ್ನೆಯನ್ನೇ ಮರುನುಡಿಯುತ್ತಿದ್ದನು. ಇಲ್ಲಿ ಅರ್ಥವಿಲ್ಲವೆಂದು ಹೇಳುವವರು ಯಾರು? ಅರ್ಥವಿದೆ, ಅದು ಆ ಶಬ್ದವನ್ನು ಮೊದಲು ಪಡೆದ ಘಳಿಗೆಗೆ ಅಂಟಿಕೊಂಡಿದೆ, ಅಷ್ಟೆ.

ಕ್ಯಾನರರೇ ಮೂರು ವರ್ಷಗಳ ಮೇಲೆ, ೧೯೪೬ರಲ್ಲಿ, ಅಸಂಬದ್ಧವೆಂದು ತೋರುವ ಇಂಥ ಮಾತುಗಳನ್ನೇ ವಿಷಯವಾಗಿಟ್ಟುಕೊಂಡು ಇನ್ನೊಂದು ಲೇಖನವನ್ನು ಬರೆದರು. ಅದರಲ್ಲಿ ಬರುವ ಹುಡುಗನೊಬ್ಬನು ನಾಯಿಯೂ ಇಲ್ಲದ, ಮೊಗಸಾಲೆಯೂ ಇಲ್ಲದ ಕಡೆಯಲ್ಲಿ, ನಾಯಿಯನ್ನು ಮೊಗಸಾಲೆಯಿಂದ ಕೆಳಕ್ಕೆ ಎಸೆಯಬೇಡವೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದನು. ಹುಚ್ಚುಮಾತೆಂದು ಯಾರಾದರೂ ಹೇಳುವಂತಿತ್ತು. ವಿಚಾರಿಸಲಾಗಿ ತಿಳಿದುದೇನೆಂದರೆ: ಮೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಹೋಟೆಲಿನಲ್ಲಿ ಅವನು ಆಟಿಕೆಯ ನಾಯಿಯನ್ನು ಪದೇ ಪದೇ ಮೇಲಿಂದ ಕೆಳಕ್ಕೆ ಎಸೆಯುತ್ತಿದ್ದನು; ಎತ್ತಿತಂದು ದಣಿದ ತಾಯಿಯು ಆ ಮಾತನ್ನು ಆಡಿದಳು. ಅಂದಿನಿಂದ ಏನನ್ನಾದರೂ ಎಸೆಯಬೇಕೆಂಬ ಚಪಲವು ಹುಟ್ಟಿದಾಗಲೆಲ್ಲ ಹುಡುಗನು ಆ ವಾಕ್ಯವನ್ನು ಹೇಳಿ ತನ್ನನ್ನು ತಾನೇ ತಡೆದುಕೊಳ್ಳುತ್ತಿದ್ದನು. ಆತ್ಮಸಂಯಮವನ್ನು ಬೋಧಿಸುವ ಗ್ರಂಥಗಳನ್ನು ಓದಿದ ಎಷ್ಟು ಮಂದಿ ದೊಡ್ಡವರಿಗೆ ಇಷ್ಟು ಸಂಯಮವಿದೆ! ಆ ಹುಡುಗನನ್ನು ಯಾರಾದರೂ ಗದರಿಸಿ ಆ ಮಾತನ್ನು ಬಿಡಿಸಿದ್ದರೆ, ಕೈಯನ್ನು ಹಿಡಿದಿದ್ದ ಹಗ್ಗವನ್ನೇ ಕೊಯ್ದಂತೆ ಆಗುತ್ತಿತ್ತು.

ಪೂರ್ವಪಕ್ಷಿಗಳು ಇಲ್ಲಿ ಒಂದು ಗ್ರಂಥವನ್ನು ಮುಂದೊಡ್ಡುವರು. ಅಮೆರಿಕಾದ ಮನೋವೈದ್ಯ ಸಂಘದವರು ೨೦೧೩ರಲ್ಲಿ ಹೊರಡಿಸಿದ ರೋಗಲಕ್ಷಣಾವಳಿಯ ಐದನೆಯ ಆವೃತ್ತಿಯಲ್ಲಿ ಈ ಮರುನುಡಿಯು ಸಂವಹನದ ಪ್ರಕರಣದಲ್ಲಿಲ್ಲ. ಆಟಿಕೆಗಳನ್ನು ಸಾಲಾಗಿ ಜೋಡಿಸುವುದು, ವಸ್ತುಗಳನ್ನು ತಿರುಗಿಸುವುದು ಮೊದಲಾದ ಆವರ್ತಕ ಚೇಷ್ಟೆಗಳ ಸಾಲಿನಲ್ಲಿದೆ. ಹೀಗಿರುವಾಗ ಅದು ಮಾತಲ್ಲ, ಬಾಯಿಯ ಒಂದು ಚಲನೆ ಮಾತ್ರವೆಂದು ಸಿದ್ಧವಾಗಲಿಲ್ಲವೆ, ಎಂದು ಅವರು ಕೇಳುವರು. ಸಿದ್ಧವಾಗಲಿಲ್ಲ. ಆ ಗ್ರಂಥವು ಗುರುತುಹಿಡಿಯುವುದಕ್ಕೆ ಬೇಕಾದ ಬಾಹ್ಯಲಕ್ಷಣಗಳ ಪಟ್ಟಿಯೇ ಹೊರತು ಕಾರಣವಿಚಾರವಲ್ಲ. ಕೆಮ್ಮನ್ನು ಕ್ಷಯದ ಲಕ್ಷಣಗಳಲ್ಲಿ ಎಣಿಸಿರುವುದರಿಂದ ಕೆಮ್ಮಿಗೆ ಪ್ರಯೋಜನವಿಲ್ಲವೆಂದು ಯಾವ ವೈದ್ಯನೂ ಹೇಳನು.

ಪುನರುಕ್ತಿಯ ವಿಚಾರವು ಭಾರತದ ಶಾಸ್ತ್ರಕಾರರಿಗೆ ಹೊಸದಲ್ಲ. ನ್ಯಾಯದರ್ಶನದ ಸೂತ್ರಕಾರರು ವಾದದಲ್ಲಿ ಸೋಲಿಗೆ ಕಾರಣವಾಗುವ ನಿಗ್ರಹಸ್ಥಾನಗಳಲ್ಲಿ ಪುನರುಕ್ತವನ್ನೂ ಎಣಿಸಿದರು. ಆದರೆ ಎಣಿಸಿದ ಕ್ಷಣವೇ ಅನುವಾದವನ್ನು ಅದರಿಂದ ಹೊರಗಿಟ್ಟರು. ಈಗ ಭಾಷಾಂತರವೆಂಬ ಅರ್ಥದಲ್ಲಿ ಬಳಕೆಯಲ್ಲಿರುವ ಈ ಶಬ್ದಕ್ಕೆ, ಪ್ರಯೋಜನವನ್ನು ಉದ್ದೇಶಿಸಿ ಮತ್ತೆ ಹೇಳುವುದು ಎಂಬುದು ಶಾಸ್ತ್ರದಲ್ಲಿನ ಅರ್ಥ. ವೇದದಲ್ಲಿ ಪುನರುಕ್ತಿದೋಷವಿದೆಯೆಂಬ ಆಕ್ಷೇಪಕ್ಕೆ ಅದೇ ಸೂತ್ರಕಾರರು ಕೊಟ್ಟ ಸಮಾಧಾನವೂ ಇದೇ: ಬೇಗ ಹೋಗು, ಬೇಗ ಹೋಗು ಎಂದಾಗ ಎರಡನೆಯ ಸಲದ ಮಾತು ವ್ಯರ್ಥವಲ್ಲ, ತ್ವರೆಯನ್ನು ತಿಳಿಸುತ್ತದೆ. ಪಾಣಿನಿಯು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದ ಮೊದಲ ಪಾದವನ್ನು ದ್ವಿರುಕ್ತಿಯಿಂದಲೇ ಆರಂಭಿಸುತ್ತಾನೆ. ಎಡೆಬಿಡದಿರುವಿಕೆ, ಒಂದೊಂದನ್ನೂ ವ್ಯಾಪಿಸುವಿಕೆ ಇವನ್ನು ಹೇಳಿ, ಅಸೂಯೆ, ಸಮ್ಮತಿ, ಕೋಪ, ನಿಂದೆ, ಬೆದರಿಕೆ ಇವುಗಳಲ್ಲಿ ಸಂಬೋಧನೆಯು ಇಮ್ಮಡಿಯಾಗುವುದನ್ನು ಹೇಳಿ, ಕಡೆಗೆ ಪೀಡೆಯಲ್ಲಿಯೂ ಶಬ್ದವು ಇಮ್ಮಡಿಯಾಗುವುದೆಂದು ಹೇಳುತ್ತಾನೆ. ನೋವಿನಲ್ಲಿ ಮಾತು ಎರಡಾಗುವುದೆಂಬುದಕ್ಕೆ ಒಂದು ಪ್ರತ್ಯೇಕ ಸೂತ್ರವನ್ನೇ ಮಾಡಿದ ನಾಡಿನಲ್ಲಿ, ನೊಂದ ಮಗುವಿನ ಮರುನುಡಿಗೆ ಅರ್ಥವಿಲ್ಲವೆಂದು ವಿದ್ಯಾವಂತರು ತೀರ್ಪುಕೊಡುವುದು ಎಂಥ ವಿಪರ್ಯಾಸ! ಕನ್ನಡವೂ ಇದರಲ್ಲಿ ಹಿಂದಿಲ್ಲ. ಮನೆಮನೆ, ಬೇಗಬೇಗ, ಬಂದೆಬಂದೆ ಎಂಬುವುಗಳನ್ನು ವ್ಯಾಕರಣದ ಪಾಠದಲ್ಲಿ ಉದಾಹರಣೆಯಾಗಿ ಬರೆಯಿಸುವ ಉಪಾಧ್ಯಾಯರೇ, ಮುಂದಿನ ಪಾಠದಲ್ಲಿ ಮರುನುಡಿದ ಹುಡುಗನನ್ನು ಹೊರಕ್ಕೆ ಕಳುಹಿಸುವರು.

ಪ್ರಯೋಜನವಿದೆಯೆಂದು ಶಾಸ್ತ್ರವಾಸನೆಯಿಂದ ಊಹಿಸಿದರೆ ಸಾಲದು, ಪ್ರತ್ಯಕ್ಷವು ಬೇಕೆನ್ನುವವರಿಗೆ ಅದೂ ಉಂಟು. ೧೯೮೧ರಲ್ಲಿ ಬ್ಯಾರಿ ಪ್ರಿಜಾಂಟ್, ಜೂಡಿತ್ ಡ್ಯೂಕನ್ ಎಂಬಿಬ್ಬರು ನಾಲ್ವರು ಮಕ್ಕಳ ಚರ್ಯೆಯನ್ನು ಚಿತ್ರೀಕರಿಸಿ, ಒಡನೆಯೇ ಹೊರಟ ೧೦೦೯ ಮರುನುಡಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮಾತನ್ನು ಮಾತ್ರವಲ್ಲದೆ, ಮಗುವಿನ ನೋಟವು ಎತ್ತ ಹೋಯಿತು, ಕೈಯು ಏನನ್ನು ಮುಟ್ಟಿತು, ಮುಂದೆ ಏನು ನಡೆಯಿತು ಎಂಬುದನ್ನೂ ಲಕ್ಷಿಸಿದರು. ಏಳು ಬಗೆಯ ಪ್ರಯೋಜನಗಳು ಹೊರಬಿದ್ದುವು. ಸರದಿಯನ್ನು ತುಂಬುವುದು, ವಸ್ತುವನ್ನು ಹೆಸರಿಸುವುದು, ಒಪ್ಪಿಗೆ, ಬೇಡಿಕೆ, ತನ್ನ ಕೆಲಸವನ್ನು ತಾನೇ ನಡೆಯಿಸಿಕೊಳ್ಳುವುದು, ಉತ್ತರಕ್ಕೆ ಮುನ್ನ ಒಳಗೇ ಒಮ್ಮೆ ಹೇಳಿ ನೋಡಿಕೊಳ್ಳುವುದು ಇವೆಲ್ಲ ಅದರಲ್ಲಿದ್ದುವು. ಯಾವ ಉದ್ದೇಶವೂ ಕಾಣದ ಬಗೆಯೂ ಒಂದಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ೧೯೮೪ರಲ್ಲಿ ಪ್ರಿಜಾಂಟರು ಪ್ಯಾಟ್ರಿಕ್ ರೈಡೆಲ್ ಎಂಬವರೊಡನೆ ಕೂಡಿ, ಕಾಲ ಕಳೆದು ಹೊರಡುವ ಮರುನುಡಿಗಳಲ್ಲಿ ಹದಿನಾಲ್ಕು ಬಗೆಗಳನ್ನು ಕಂಡರು. ಮಕ್ಕಳ ಸಂಖ್ಯೆಯು ಅಲ್ಪವೆಂಬುದು ನಿಜ. ಆದರೆ ಎಲ್ಲವೂ ನಿರರ್ಥಕವೆಂಬ ಪ್ರತಿಜ್ಞೆಯನ್ನು ಮುರಿಯುವುದಕ್ಕೆ ಸಾರ್ಥಕವಾದುದೊಂದು ಸಿಕ್ಕಿದರೆ ಸಾಕಲ್ಲವೆ?

ಕನ್ನಡದ ಮನೆಗಳಲ್ಲಿ ಈ ವಿಷಯಕ್ಕೆ ಒಂದು ವಿಶೇಷವುಂಟು. "ನೀರು ಬೇಕಾ?" ಎಂಬ ಪ್ರಶ್ನೆಗೂ "ನೀರು ಬೇಕು" ಎಂಬ ಉತ್ತರಕ್ಕೂ ನಡುವೆ ಇರುವುದು ಕಡೆಯ ಒಂದು ಸ್ವರದ ಭೇದ. ಬಾಯಾರಿದ ಮಗುವು ಹಿಂದೆ ನೀರು ದೊರೆತಾಗ ಕೇಳಿಬಂದಿದ್ದ ಮಾತನ್ನು ಹಾಗೆಯೇ ಎತ್ತಿಕೊಂಡು "ನೀರು ಬೇಕಾ?" ಎಂದು ತಾಯಿಯ ಬಳಿಗೆ ಬರುವುದು. ತಾಯಿಯು "ನನಗೆ ಬೇಡ" ಎಂದುಬಿಟ್ಟರೆ ಮಗುವಿಗೆ ನೀರಿಲ್ಲ. "ಊಟ ಮಾಡ್ತೀಯಾ?" ಎಂಬಲ್ಲಿ ಕಷ್ಟವು ಇನ್ನೂ ಹೆಚ್ಚು. ಇಂಗ್ಲೀಷಿನಲ್ಲಿ ಸರ್ವನಾಮವೊಂದನ್ನು ತಿರುಗಿಸಿದರೆ ಬಹುಮಟ್ಟಿಗೆ ಮುಗಿಯಿತು. ಕನ್ನಡದಲ್ಲಿ ಕ್ರಿಯಾಪದದ ಪ್ರತ್ಯಯವನ್ನೂ ಮಧ್ಯಮಪುರುಷದಿಂದ ಉತ್ತಮಪುರುಷಕ್ಕೆ ತಿರುಗಿಸಬೇಕು. ಇಡಿಯ ವಾಕ್ಯವನ್ನು ಒಂದೇ ಗಂಟಾಗಿ ಹಿಡಿದಿರುವ ಮಗುವು ಅದನ್ನು ಬಿಚ್ಚಿ ಪ್ರತ್ಯಯವನ್ನು ಬದಲಿಸುವುದು ಹೇಗೆ? ನಾನು, ನೀನು ಎಂಬುವು ಅದಲುಬದಲಾಗುವುದು ಈ ಕಾರಣದಿಂದ. ಬ್ರೂನೋ ಬೆಟಲ್‌ಹೈಮ್ ಎಂಬವರು ೧೯೬೭ರ ತಮ್ಮ ಗ್ರಂಥದಲ್ಲಿ, ಈ ಮಕ್ಕಳು ನಾನೆಂಬ ಶಬ್ದವನ್ನು ಬಿಡುವುದು ಅಹಂಭಾವದ ನಿರಾಕರಣವೆಂದು ವೇದಾಂತ ಹೇಳಿದರು. ಅದರ ಹೊಣೆಯನ್ನು ತಂದೆತಾಯಿಗಳ ತಲೆಗೆ, ವಿಶೇಷವಾಗಿ ತಾಯಂದಿರ ತಲೆಗೆ, ಕಟ್ಟಿದರು. (ತಂದೆತಾಯಿಗಳ ಶೈತ್ಯವನ್ನು ಕುರಿತು ಮೊದಲು ಮಾತೆತ್ತಿದ ದೋಷವು ಕ್ಯಾನರರದೂ ಹೌದು.) ಆ ವಾದವು ಬಿದ್ದುಹೋಗಿ ಬಹುಕಾಲವಾಯಿತು. ಅದರ ವಿಷವು ಮಾತ್ರ ನೆಂಟರಿಷ್ಟರ ಬಾಯಲ್ಲಿ ಇನ್ನೂ ಇಳಿದಿಲ್ಲ. "ತಾಯಿ ಸರಿಯಾಗಿ ಮಾತಾಡಿಸಲಿಲ್ಲ" ಎಂಬ ಮಾತು ಇಂದಿಗೂ ಹಜಾರಗಳಲ್ಲಿ ಕೇಳಿಬರುತ್ತದೆ.

ಮಗುವು ಮಾತನ್ನು ಕಲಿಯುವ ಬಗೆಯನ್ನು ಮೀಮಾಂಸಕರು ಹೇಳುವ ರೀತಿಯನ್ನು ಇಲ್ಲಿ ನೆನೆಯಬಹುದು. ಹಿರಿಯನೊಬ್ಬನು ಇನ್ನೊಬ್ಬನಿಗೆ ಹಸುವನ್ನು ತಾ ಎನ್ನುವನು; ಅವನು ತರುವನು. ನೋಡುತ್ತಿರುವ ಬಾಲಕನಿಗೆ ಮೊದಲು ಸಿಕ್ಕುವುದು ಇಡಿಯ ವಾಕ್ಯ, ಇಡಿಯ ಕಾರ್ಯ. ಮುಂದೆ ಕುದುರೆಯನ್ನು ತಾ, ಹಸುವನ್ನು ಕಟ್ಟು ಎಂದು ಒಂದು ಪದವನ್ನು ತೆಗೆದು ಇನ್ನೊಂದನ್ನು ಹಾಕುವುದನ್ನು ಕಂಡಂತೆಲ್ಲ ಪದಪದದ ಅರ್ಥವು ಬೇರ್ಪಡುತ್ತದೆ. ಆವಾಪೋದ್ವಾಪವೆಂದು ಇದಕ್ಕೆ ಹೆಸರು. ಭರ್ತೃಹರಿಯು ಇನ್ನೂ ಮುಂದೆ ಹೋಗಿ, ವಾಕ್ಯವೇ ಅಖಂಡವಾದುದು, ಪದವಿಭಾಗವು ವೈಯಾಕರಣನ ಕಲ್ಪನೆಯೆಂದನು. ಪಾಶ್ಚಾತ್ಯರಲ್ಲಿ ಆ್ಯನ್ ಪೀಟರ್ಸ್ ಎಂಬ ವಿದುಷಿಯು ೧೯೮೩ರಲ್ಲಿ, ಕೆಲವು ಮಕ್ಕಳು ಬಿಡಿಪದಗಳಿಂದಲ್ಲದೆ ಉದ್ದನೆಯ ನುಡಿಗಟ್ಟುಗಳಿಂದಲೇ ಭಾಷೆಯನ್ನು ಆರಂಭಿಸುವರೆಂದು ಬರೆದರು. ಸ್ವಲೀನ ಬಾಲಕನ ಮರುನುಡಿಯು ಮೊದಲನೆಯ ಮೆಟ್ಟಿಲಿನಲ್ಲಿಯೇ ಬಹುಕಾಲ ನಿಂತಿರುವುದೆಂದು ತಿಳಿದರೆ ಎಷ್ಟೋ ವಿಷಯವು ಬೆಳಗುತ್ತದೆ. ಆದರೆ ಈ ತತ್ತ್ವವನ್ನೇ ಹಿಡಿದುಕೊಂಡು ಇಷ್ಟು ಹಂತಗಳು, ಇಂಥಿಂಥ ಕ್ರಮವೆಂದು ಪದ್ಧತಿಗಳನ್ನು ಕಟ್ಟಿ, ಹಣ ತೆಗೆದುಕೊಂಡು ಹಂಚುವವರೂ ಈಚೆಗೆ ಹುಟ್ಟಿಕೊಂಡಿದ್ದಾರೆ. ಆ ಹಂತಗಳಿಗೆ ಪರೀಕ್ಷೆಯ ಬಲವು ಇದುವರೆಗೆ ಸಾಲದಾಗಿದೆ. ಗಿಳಿಪಾಠವೆನ್ನುವವರ ಕೈಯಿಂದ ತಪ್ಪಿಸಿ ಗಂಟುಕಟ್ಟುವವರ ಕೈಗೆ ಮಕ್ಕಳನ್ನು ಒಪ್ಪಿಸುವುದು ಉಪಕಾರವಲ್ಲ.

ಗದರಿಸಿ ಬಿಡಿಸಬಹುದೆಂಬ ಪಕ್ಷಕ್ಕೂ ಒಂದು ಚರಿತ್ರೆಯಿದೆ. ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಈವಾರ್ ಲೊವಾಸ್ ಎಂಬವರು ೧೯೬೦ರ ದಶಕದಲ್ಲಿ ತಿಂಡಿಯನ್ನು ಕೊಟ್ಟು, ಬೈದು, ಕೆನ್ನೆಗೆ ಬಾರಿಸಿ, ಕೆಲವೊಮ್ಮೆ ವಿದ್ಯುತ್ತಿನ ಆಘಾತವನ್ನೂ ಕೊಟ್ಟು ಈ ಮಕ್ಕಳ ನಡವಳಿಕೆಯನ್ನು ತಿದ್ದಹೊರಟರು. ೧೯೬೫ರಲ್ಲಿ ಲೈಫ್ ಪತ್ರಿಕೆಯು ಅದನ್ನು ಚಿತ್ರಗಳ ಸಮೇತ ಲೋಕಕ್ಕೆ ತೋರಿಸಿತು. ಸ್ವಾರಸ್ಯವೇನೆಂದರೆ, ಮರುನುಡಿಯ ಕಾರಣವನ್ನು ಬಯಲಿಗೆ ತಂದವರಲ್ಲಿ ಈ ಪಕ್ಷದವರೂ ಸೇರಿದ್ದಾರೆ. ೧೯೭೫ರಲ್ಲಿ ಕಾರ್, ಶ್ರೈಬ್ಮನ್, ಲೊವಾಸ್ ಎಂಬ ಮೂವರು ಪರೀಕ್ಷಿಸಿದಾಗ, ಮಕ್ಕಳು ಉತ್ತರ ಗೊತ್ತಿದ್ದ ಮಾತುಗಳಿಗೆ ಸರಿಯಾಗಿ ನಡೆದುಕೊಂಡು, ಉತ್ತರ ಗೊತ್ತಿಲ್ಲದ ಮಾತುಗಳನ್ನು ಮಾತ್ರ ಮರುನುಡಿದರು. ೧೯೭೮ರಲ್ಲಿ ಶ್ರೈಬ್ಮನ್, ಕಾರ್ ಎಂಬಿಬ್ಬರು "ನನಗೆ ಗೊತ್ತಿಲ್ಲ" ಎಂಬ ಉತ್ತರವನ್ನು ಕಲಿಸಿದೊಡನೆ, ಹಿಂದೆ ಕಲಿಸದಿದ್ದ ಪ್ರಶ್ನೆಗಳಿಗೂ ಮಕ್ಕಳು ಮರುನುಡಿಯನ್ನು ಬಿಟ್ಟು ಅದನ್ನೇ ಹೇಳಿದರು. ಎದುರುಪಕ್ಷದ ಸಾಕ್ಷಿಯ ಬಾಯಿಂದಲೇ ಹೊರಟ ಈ ಮಾತಿಗಿಂತ ಬಲವಾದ ಪ್ರಮಾಣವು ಬೇಕೆ? ತರಗತಿಯಲ್ಲಿ "ನಿನ್ನ ಹೆಸರೇನು?" ಎಂದು ಮರುನುಡಿದ ಹುಡುಗನು ಅಣಕಿಸಲಿಲ್ಲ, ಪ್ರಶ್ನೆಯು ತನ್ನೆಡೆಗೆ ಬಂದಿತೆಂಬುದನ್ನು ಅರಿತನು, ಸರದಿಯು ತನ್ನದೆಂಬುದನ್ನೂ ಅರಿತನು, ಕೊಡುವುದಕ್ಕೆ ಉತ್ತರವು ಕೈಗೆ ಸಿಕ್ಕದೆ, ಬಂದ ನಾಣ್ಯವನ್ನೇ ಹಿಂದಕ್ಕೆ ನೀಡಿದನು. ಸುಮ್ಮನೆ ಕುಳಿತಿದ್ದರೆ ಉಪಾಧ್ಯಾಯರು ಒಳ್ಳೆಯ ಹುಡುಗನೆಂದು ಬಿಟ್ಟುಬಿಡುತ್ತಿದ್ದರು, ಪ್ರಯತ್ನಪಟ್ಟುದಕ್ಕೆ ಶಿಕ್ಷೆಯಾಯಿತು.

ಅಂದಹಾಗೆ, ಪಾಠಶಾಲೆಯು ಗಿಳಿಪಾಠವನ್ನು ನಿಂದಿಸುವುದು ಯಾವ ಅಧಿಕಾರದಿಂದ? ಬೆಳಗ್ಗೆ ಹದಿನೆಂಟರ ಮಗ್ಗಿಯನ್ನು ನಲವತ್ತು ಮಂದಿ ಏಕಕಂಠದಿಂದ ಕೂಗುವರು. ಪ್ರಶ್ನೋತ್ತರಗಳನ್ನು ಅಚ್ಚಾದಂತೆಯೇ ಒಪ್ಪಿಸಿದವನಿಗೆ ಪೂರ್ಣಾಂಕ. ಒಂದು ಶಬ್ದವನ್ನು ತನ್ನದಾಗಿ ಬರೆದವನಿಗೆ ಅರ್ಧಾಂಕ ಕಡಿತ. ವೇದಪಾಠಶಾಲೆಯಲ್ಲಿ ಕ್ರಮ, ಜಟೆ, ಘನವೆಂದು ಪದಗಳನ್ನು ಹಿಂದುಮುಂದಾಗಿ ಮತ್ತೆ ಮತ್ತೆ ಹೇಳಿದುದರಿಂದಲೇ ಮಂತ್ರಗಳು ಸ್ವರವೂ ಕೆಡದೆ ಉಳಿದುವೆಂದು ಹೆಮ್ಮೆಪಡುವುದುಂಟು, ಆ ಹೆಮ್ಮೆಯು ಯುಕ್ತವೇ. ಅಪ್ಪಣೆಯ ಮೇಲೆ ಮಾಡಿದ ಆವೃತ್ತಿಯು ವಿದ್ಯೆ, ಅಗತ್ಯದಿಂದ ಮಾಡಿದ ಆವೃತ್ತಿಯು ಹುಚ್ಚು ಎಂಬ ಈ ನ್ಯಾಯವನ್ನು ಯಾವ ಶಾಸ್ತ್ರವು ಹೇಳಿದೆ?

ಮರುನುಡಿಯ ಒಳಗೆ ಮನಸ್ಸು ಎಷ್ಟು ದಟ್ಟವಾಗಿ ತುಂಬಿರಬಲ್ಲುದೆಂಬುದಕ್ಕೆ ಅಮೆರಿಕಾದ ಪತ್ರಕರ್ತ ರಾನ್ ಸಸ್ಕಿಂಡರು ತಮ್ಮ ಮಗ ಓವೆನ್ನನನ್ನು ಕುರಿತು ೨೦೧೪ರಲ್ಲಿ ಪ್ರಕಟಿಸಿದ ಗ್ರಂಥವನ್ನು ನೋಡಬಹುದು. ಆ ಬಾಲಕನ ಮಾತು ಮೂರರ ಸುಮಾರಿಗೆ ನಿಂತುಹೋಯಿತು. ಅನಂತರ ಅವನ ಬಾಯಲ್ಲಿ ಅರ್ಥವಾಗದ ಒಂದು ಶಬ್ದವು ಮಾತ್ರ ಹೊರಡುತ್ತಿತ್ತು. ಸಮುದ್ರಕನ್ಯೆಯೊಬ್ಬಳು ಮನುಷ್ಯಳಾಗಬೇಕೆಂದು ಮಾಟಗಾತಿಗೆ ತನ್ನ ಕಂಠಧ್ವನಿಯನ್ನು ಬೆಲೆಯಾಗಿ ತೆರುವ ಡಿಸ್ನಿಯವರ ಚಲನಚಿತ್ರವೊಂದನ್ನು ಅವನು ಮತ್ತೆ ಮತ್ತೆ ನೋಡುತ್ತಿದ್ದನು. ಅವನ ಶಬ್ದವು ಮಾಟಗಾತಿಯು ಆ ಧ್ವನಿಯನ್ನು ಕೇಳುವ ಮಾತಿನ ಚೂರೆಂದು ಮನೆಯವರು ಒಂದು ದಿನ ಗುರುತಿಸಿದರು. ಬಲ್ಲವರು ಅದು ಬರಿಯ ಪ್ರತಿಧ್ವನಿಯೆಂದರು. ಧ್ವನಿಯನ್ನು ಕಳೆದುಕೊಂಡ ಮಗುವು ಸಾವಿರಾರು ಮಾತುಗಳಲ್ಲಿ ಧ್ವನಿಯನ್ನು ಕಳೆದುಕೊಳ್ಳುವ ಮಾತನ್ನೇ ಆರಿಸಿಕೊಂಡಿತು. ಇದನ್ನು ಕಾಕತಾಳೀಯವೆನ್ನುವವರು ಎನ್ನಲಿ. ಮುಂದೆ ಮನೆಯವರೆಲ್ಲರೂ ಆ ಚಿತ್ರಗಳ ಸಂಭಾಷಣೆಗಳನ್ನೇ ಕಲಿತು ಅವನೊಡನೆ ಮಾತಾಡಿದರು, ಅವನೂ ಮಾತಾಡಿದನು.

ಹಾಗಾದರೆ ತಿದ್ದಲೇಬಾರದೆ, ಹುಡುಗನು ಜನ್ಮವಿಡೀ ಜಾಹೀರಾತುಗಳನ್ನು ಹೇಳುತ್ತಿರಬೇಕೆ, ಮಿಕ್ಕ ಮಕ್ಕಳ ಪಾಠವು ಕೆಡುವುದಿಲ್ಲವೆ ಎಂಬ ಆಕ್ಷೇಪವು ಉಳಿಯುತ್ತದೆ. ತಿದ್ದುವುದು ಬೇರೆ, ಬಾಯಿ ಮುಚ್ಚಿಸುವುದು ಬೇರೆ. ಪ್ರಶ್ನೆಗಳ ಮಳೆಯನ್ನು ನಿಲ್ಲಿಸಿ, ಮಗುವು ತಾನೇ ಹೇಳಬಹುದಾದ ರೂಪದಲ್ಲಿ ವಾಕ್ಯವನ್ನು ಎದುರಿಗಿಡಬೇಕು: "ನೀರು ಬೇಕಾ?" ಎನ್ನುವುದರ ಬದಲು, ಲೋಟವನ್ನು ನೀಡುತ್ತ "ನನಗೆ ನೀರು ಬೇಕು" ಎಂದರೆ, ಮರುನುಡಿದಾಗ ತಾನಾಗಿಯೇ ಸರಿಯಾದ ಮಾತಾಗುತ್ತದೆ. ದೋಷವೆಂದುದನ್ನೇ ಸಾಧನವಾಗಿ ಮಾಡಿಕೊಳ್ಳುವ ಇಷ್ಟು ಸುಲಭವಾದ ಉಪಾಯವು ಬೇರಾವ ಪಾಠದಲ್ಲಿದೆ? ಉದ್ದನೆಯ ಅಪ್ಪಣೆಗಳನ್ನು ತುಂಡರಿಸಬೇಕು. ಚಿತ್ರವನ್ನೋ ವಸ್ತುವನ್ನೋ ತೋರಿಸಬೇಕು. ಉತ್ತರಕ್ಕೆ ಕಾಯಬೇಕು, ಉಪಾಧ್ಯಾಯರಿಗೆ ಉದ್ದವೆಂದು ತೋರುವಷ್ಟು ಕಾಲ ಕಾಯಬೇಕು. ಮರುನುಡಿಯು ಒಮ್ಮೆಲೇ ಹೆಚ್ಚಿದರೆ, ಕಂಗಾಲಾಗಿರುವನೆಂದೋ ಮೈಗೆ ಸರಿಯಿಲ್ಲವೆಂದೋ ಸಂಶಯಪಡಬೇಕು. ಹಲ್ಲುನೋವು ಬಂದಾಗ "ಸೂಜಿ ಚುಚ್ಚಲ್ಲ, ಸೂಜಿ ಚುಚ್ಚಲ್ಲ" ಎಂದು ಎಂದೋ ಕೇಳಿದ ಸಾಂತ್ವನವನ್ನು ಹೇಳುವ ಹುಡುಗನೊಬ್ಬನಿದ್ದರೆ, ಅವನಿಗೆ "ಸುಮ್ಮನಿರು" ಎನ್ನುವವರು ನೋವಿನ ಬಾಗಿಲಿಗೆ ಬೀಗ ಹಾಕಿದಂತೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತ ವಾಕ್ಚಿಕಿತ್ಸಕರು ಈಗ ಅನೇಕ ಊರುಗಳಲ್ಲಿದ್ದಾರೆ. ಅವರ ಸಲಹೆಯನ್ನು ಕೇಳುವುದರಿಂದ ಯಾರ ಮಾನವೂ ಹೋಗದು. ಮಿಕ್ಕ ಮಕ್ಕಳ ವಿಷಯವಾದರೋ, ಗುರುಗಳು ನಕ್ಕರೆ ಅವರು ನಗುವರು. ಗುರುಗಳು ಕಿವಿಗೊಟ್ಟರೆ ಅವರೂ ಕಿವಿಗೊಡುವರು.

ಕಾಯಿದೆಯೂ ಈಗ ಮಕ್ಕಳ ಪಕ್ಷದಲ್ಲಿದೆ. ಕಡ್ಡಾಯ ಶಿಕ್ಷಣದ ೨೦೦೯ರ ಕಾಯಿದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ; ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸ್ವಲೀನತೆಯನ್ನು ಹೆಸರಿಸಿ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಕಾಯಿದೆಯು ಬಾಗಿಲನ್ನು ತೆರೆಯಿಸಬಲ್ಲುದು. ಹುಡುಗನ ಮಾತು ಎಲ್ಲಿಂದ ಬಂದಿತೆಂಬುದನ್ನು ತಿಳಿಸಲಾರದು. ಅದನ್ನು ತಿಳಿದವರು ಮನೆಯವರು. ಆದುದರಿಂದ ಮನೆಯಲ್ಲಿ ಅಗ್ಗದ ನೋಟುಪುಸ್ತಕವೊಂದು ಇರಲಿ. ಹುಡುಗನು ಆಡಿದ ಮಾತು, ಆಗ ನಡೆಯುತ್ತಿದ್ದುದು, ಆ ಮಾತು ಮೊದಲು ಕೇಳಿಬಂದ ಸಂದರ್ಭ, ಕಡೆಗೆ ಅವನಿಗೆ ಬೇಕಾಗಿದ್ದುದು ಇವಿಷ್ಟನ್ನು ದಿನಕ್ಕೊಂದೆರಡು ಸಾಲಿನಂತೆ ಅದರಲ್ಲಿ ಬರೆದಿಡಬೇಕು. ತಿಳಿಯದ ಕಡೆ ಜಾಗವನ್ನು ಬಿಡಬೇಕು. ಆರು ತಿಂಗಳ ಮೇಲೆ ಅಜ್ಜಿಯೋ ಅಕ್ಕನೋ ಅದನ್ನು ತುಂಬಬಹುದು. ಜೂನ್ ತಿಂಗಳಲ್ಲಿ ತರಗತಿಯು ಬದಲಾದಾಗ, ಹೊಸ ಉಪಾಧ್ಯಾಯರ ಮೇಜಿನ ಮೇಲೆ ಅಂಕಪಟ್ಟಿಗಿಂತ ಮೊದಲು ಆ ಪುಸ್ತಕವು ಬರಬೇಕು.